ಯೂಸ್ ಕೇಸ್ ಹುಟ್ಟಿದ್ದು ಟೆಲಿಫೋನಿನ ಹೊಟ್ಟೆಯಲ್ಲಿ

ಬೆಂಗಳೂರಿನ ಯಾವುದೇ ಆಫೀಸಿನ ಯಾವುದೇ ಮೀಟಿಂಗ್ ರೂಮಿನ ಹೊರಗೆ ಹತ್ತು ನಿಮಿಷ ನಿಂತರೆ ಒಂದು ಸಲವಾದರೂ ಕಿವಿಗೆ ಬೀಳುವ ಮಾತು ‘ಯೂಸ್ ಕೇಸ್’. ಸೇಲ್ಸ್‌ನವರು ‘ಇದಕ್ಕೆ ಒಳ್ಳೇ ಯೂಸ್ ಕೇಸ್ ಇದೆ’ ಅಂತಾರೆ. ಮ್ಯಾನೇಜರು ‘ನಮ್ಮ ಟೀಮಿನ ಎಐ ಯೂಸ್ ಕೇಸ್‌ಗಳನ್ನ ಶುಕ್ರವಾರದೊಳಗೆ ಕಳಿಸಿ’ ಅಂತಾರೆ. ಗೆಳೆಯನೊಬ್ಬ ಮನೆಗೆ ಏರ್ ಫ್ರೈಯರ್ ತರ್ತೀನಿ ಅಂದಾಗ ಅವನ ಹೆಂಡತಿ, ಆಕೆಯೂ ಐಟಿಯವಳೇ, ‘ನಮ್ಮನೇಲಿ ಅದರ ಯೂಸ್ ಕೇಸ್ ಏನು?’ ಅಂತ ಕೇಳಿದಳಂತೆ. ಏರ್ ಫ್ರೈಯರ್ ಬರಲಿಲ್ಲ.

ಈಗ ಈ ಪದಕ್ಕೆ ‘ಉಪಯೋಗ’ ಅನ್ನೋದಕ್ಕಿಂತ ಹೆಚ್ಚಿನ ಅರ್ಥ ಉಳಿದಿಲ್ಲ. ಆದರೆ ಹುಟ್ಟಿದಾಗ ಹೀಗಿರಲಿಲ್ಲ. ಅದೊಂದು ಬರವಣಿಗೆಯ ಕ್ರಮ. ಸಾಫ್ಟ್‌ವೇರ್ ಏನು ಮಾಡಬೇಕು ಅನ್ನೋದನ್ನ ಕೋಡ್ ಬರೆಯೋ ಮೊದಲು, ಕೋಡ್ ಗೊತ್ತಿಲ್ಲದವರಿಗೂ ಅರ್ಥವಾಗೋ ಹಾಗೆ, ಕಥೆಯಂತೆ ಬರೆದಿಡೋ ಕ್ರಮ. ಅದಕ್ಕೊಂದು ಊರಿದೆ, ಹುಟ್ಟಿದ ವರ್ಷ ಇದೆ, ಅಪ್ಪ ಇದ್ದಾನೆ, ಆಮೇಲೆ ಸಾಕಿ ಬೆಳೆಸಿದ ಚಿಕ್ಕಪ್ಪನೂ ಇದ್ದಾನೆ. ಅದರ ಚರಿತ್ರೆ ಓದುತ್ತಾ ಹೋದಂತೆ ನನಗೆ ಅನ್ನಿಸಿದ್ದು, ಇದು ಬರೀ ಐಟಿಯವರ ಒಳಮಾತಲ್ಲ, ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರಿಗೂ ಸಂಬಂಧಪಟ್ಟ ಸಂಗತಿ ಅಂತ. ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

ಊರು ಸ್ವೀಡನ್ನಿನ ಸ್ಟಾಕ್‌ಹೋಮ್. ಕಂಪನಿ ಎರಿಕ್ಸನ್. 1876ರಲ್ಲಿ ಟೆಲಿಗ್ರಾಫ್ ಉಪಕರಣ ರಿಪೇರಿಯಿಂದ ಶುರುವಾದ ಈ ಕಂಪನಿ 1960ರ ದಶಕದ ಹೊತ್ತಿಗೆ ಜಗತ್ತಿಗೆಲ್ಲ ಟೆಲಿಫೋನ್ ಎಕ್ಸ್‌ಚೇಂಜ್ ಮಾರುತ್ತಿತ್ತು. ಆಗಿನ ಎಕ್ಸ್‌ಚೇಂಜ್ ಅಂದರೆ ರಿಲೇಗಳು, ಸ್ವಿಚ್ಚುಗಳು, ಕಟಕಟ ಸದ್ದು ಮಾಡೋ ಕಬ್ಬಿಣದ ಕಪಾಟುಗಳ ಸಾಲು. ನೀವು ನಂಬರ್ ತಿರುಗಿಸಿದಂತೆಲ್ಲ ಒಳಗೆ ಯಾವುದೋ ಲೋಹದ ತುಂಡು ನಿಜವಾಗಿಯೂ ಅಲುಗುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಆ ಕೆಲಸವನ್ನ ಪ್ರೋಗ್ರಾಮಿಗೆ ವಹಿಸಬಹುದು ಅಂತ ಗೊತ್ತಾಯ್ತು. ತೊಂದರೆ ಇದ್ದದ್ದು ಇನ್ನೊಂದು ಕಡೆ. ಲೋಹದ ತುಂಡು ಅಲುಗೋದು ಕಣ್ಣಿಗೆ ಕಾಣುತ್ತೆ. ಪ್ರೋಗ್ರಾಮು ಕಾಣೋದಿಲ್ಲ. ನೂರಾರು ಎಂಜಿನಿಯರುಗಳು ಸೇರಿ ಕಟ್ಟೋ, ಒಂದು ಕ್ಷಣವೂ ನಿಲ್ಲಬಾರದ ಯಂತ್ರ ಏನು ಮಾಡಬೇಕು ಅನ್ನೋದನ್ನ ಎಲ್ಲರೂ ಒಂದೇ ರೀತಿ ಅರ್ಥ ಮಾಡಿಕೊಳ್ಳುವಂತೆ ಬರೆಯೋದು ಹೇಗೆ?

ಈ ಪ್ರಶ್ನೆ ಹಿಡಿದು ಕೂತವನು ಇವಾರ್ ಯಾಕೋಬ್ಸನ್. ನಮ್ಮ ಮೀಟಿಂಗುಗಳಲ್ಲಿ ಜೇಕಬ್‌ಸನ್ ಆಗಿರೋನು ಇವನೇ. 1939ರಲ್ಲಿ ಸ್ವೀಡನ್ನಿನ ದಕ್ಷಿಣದ ಕಡಲೂರು ಈಸ್ಟಾಡ್‌ನಲ್ಲಿ ಹುಟ್ಟಿ, ಗೋಥೆನ್‌ಬರ್ಗಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ ಎರಿಕ್ಸನ್ ಸೇರಿದವನು. 1967ರ ಸುಮಾರಿಗೆ ಅವನು ಎಕ್ಸ್‌ಚೇಂಜಿನ ಸಾಫ್ಟ್‌ವೇರನ್ನ ಬಿಡಿಬಿಡಿ ಭಾಗಗಳಾಗಿ ಕಟ್ಟಬೇಕು, ಆ ಭಾಗಗಳು ಒಂದಕ್ಕೊಂದು ಏನು ಸಂದೇಶ ಕಳಿಸ್ತಾವೆ ಅನ್ನೋದನ್ನ ಚಿತ್ರ ಬರೆದು ತೋರಿಸಬೇಕು ಅಂತ ಹೊರಟ. ಇವತ್ತು ನಾವು ಸೀಕ್ವೆನ್ಸ್ ಡಯಾಗ್ರಾಮ್ ಅಂತ ಬರೆಯೋ ಏಣಿಯಂಥ ಚಿತ್ರದ ಹಿರೀಕರು ಅವೇ. ಅದೇ ದಾರಿಯಲ್ಲಿ ಮುಂದೆ ಬಂದದ್ದು ಎಎಕ್ಸ್ಇ ಅನ್ನೋ ಎಕ್ಸ್‌ಚೇಂಜ್. 1976ರಲ್ಲಿ ಸ್ಟಾಕ್‌ಹೋಮಿಗೆ ಹತ್ತಿರದ ಸೋಡರ್‌ತೆಲ್ಯೆ ಪಟ್ಟಣದಲ್ಲಿ ಅದರ ಪ್ರಯೋಗ ಶುರುವಾಯ್ತು. ಆಮೇಲೆ ಅದು ಲೋಕ ಸುತ್ತಿತು.

ಟೆಲಿಫೋನಿನವರ ಹತ್ತಿರ ಮೊದಲಿಂದಲೂ ಒಂದು ಪದ ಇತ್ತು: ‘ಟ್ರಾಫಿಕ್ ಕೇಸ್’. ಒಂದೇ ಊರಿನ ಒಬ್ಬರಿಂದ ಇನ್ನೊಬ್ಬರಿಗೆ ಕರೆ ಒಂದು ಕೇಸ್. ಹೊರ ಊರಿಗೆ ಹೋಗೋ ಕರೆ ಇನ್ನೊಂದು. ಹೊರಗಿನಿಂದ ಬರೋದು ಮತ್ತೊಂದು. ಎಲ್ಲಿಂದಲೋ ಬಂದು ಇನ್ನೆಲ್ಲಿಗೋ ದಾಟಿಹೋಗೋದು ಮಗದೊಂದು. ಹೀಗೆ ಒಂದೊಂದು ಬಗೆಯ ಕರೆಯೂ ರಿಸೀವರ್ ಎತ್ತಿದಾಗಿನಿಂದ ಇಡುವ ತನಕ ಹೇಗೆ ಸಾಗುತ್ತೆ ಅಂತ ಬರೆಯುತ್ತಿದ್ದರು. ಆದರೆ ಎಕ್ಸ್‌ಚೇಂಜಿಗೆ ಇನ್ನೂ ಎಷ್ಟೋ ಕೆಲಸಗಳಿದ್ದವು. ಹೊಸ ಗಿರಾಕಿಯನ್ನ ಸೇರಿಸಬೇಕು, ಬಿಲ್ ತೆಗೀಬೇಕು, ಕೆಟ್ಟ ಲೈನ್ ಪರೀಕ್ಷೆ ಮಾಡಬೇಕು. ಇವುಗಳನ್ನೆಲ್ಲ ಬೇರೆ ಥರ, ಗುಣಗಳ ಪಟ್ಟಿಯಂತೆ ಬರೆಯುತ್ತಿದ್ದರು.

1986ರಲ್ಲಿ ಯಾಕೋಬ್ಸನ್‌ಗೆ ಹೊಳೆದದ್ದು ಸರಳವಾದ ಸಂಗತಿ. ಕರೆಗೆ ಮಾತ್ರ ಯಾಕೆ ಈ ಮರ್ಯಾದೆ? ಯಂತ್ರವನ್ನ ಯಾರಾದರೂ ಯಾವುದಾದರೂ ಉದ್ದೇಶಕ್ಕೆ ಬಳಸುವ ಪ್ರತಿಯೊಂದು ಸಂದರ್ಭವನ್ನೂ ಹೀಗೇ ಮೊದಲಿಂದ ಕೊನೆಯ ತನಕ ಬರೆಯಬಹುದಲ್ಲ? ಅದಕ್ಕೆ ಸ್ವೀಡಿಶ್ ಭಾಷೆಯಲ್ಲಿ ಅವನು ಇಟ್ಟ ಹೆಸರು ‘ಆನ್‌ವೆಂಡ್‌ನಿಂಗ್ಸ್‌ಫಾಲ್’. ಆನ್‌ವೆಂಡ್‌ನಿಂಗ್ ಅಂದರೆ ಬಳಕೆ, ಫಾಲ್ ಅಂದರೆ ಸಂದರ್ಭ, ಪ್ರಸಂಗ. ಇಂಗ್ಲಿಷಿಗೆ ತರುವಾಗ ಬೇರೆ ರೂಪಗಳು ಕಿವಿಗೆ ಒಗ್ಗದೆ ‘ಯೂಸ್ ಕೇಸ್’ ಅಂತಾಯ್ತು. ಕನ್ನಡದಲ್ಲಿ ನಾನಾಗಿದ್ದರೆ ‘ಬಳಕೆ ಪ್ರಸಂಗ’ ಅಂತಿದ್ದೆ. ನಾನು ಮಲೆನಾಡಿನವನು, ಯಕ್ಷಗಾನ ನೋಡಿ ಬೆಳೆದವನು. ಪ್ರಸಂಗ ಅಂದ ತಕ್ಷಣ ಅದರಲ್ಲಿ ಪಾತ್ರಗಳಿವೆ, ಒಂದು ನಡೆ ಇದೆ, ಎಲ್ಲೋ ಒಂದು ಕಡೆ ಕೆಡುತ್ತದೆ, ಆಮೇಲೆ ಹೇಗೋ ಮುಗಿಯುತ್ತದೆ ಅಂತ ಗೊತ್ತಾಗುತ್ತದೆ. ಯೂಸ್ ಕೇಸ್ ಅಂದರೂ ಅಷ್ಟೇ.

1987ರಲ್ಲಿ ಅಮೆರಿಕದ ಒರ್‌ಲ್ಯಾಂಡೊದಲ್ಲಿ ನಡೆದ ಊಪ್ಸ್ಲಾ ಸಮ್ಮೇಳನದಲ್ಲಿ ಅವನು ಇದನ್ನ ಹೊರಜಗತ್ತಿನ ಮುಂದಿಟ್ಟ. ಅದೇ ವರ್ಷ ಎರಿಕ್ಸನ್ ಬಿಟ್ಟು ತನ್ನದೇ ಕಂಪನಿ ಮಾಡಿದ. ಅವನ ವಿಧಾನಕ್ಕೆ ಆಬ್ಜೆಕ್ಟರಿ ಅಂತ ಹೆಸರು. 1992ರಲ್ಲಿ ಬಂದ ಅವನ ದಪ್ಪ ಪುಸ್ತಕದಿಂದ ಯೂಸ್ ಕೇಸ್ ಎಲ್ಲರ ಬಾಯಿಗೆ ಬಂತು. ಆ ಪುಸ್ತಕದಲ್ಲಿ ಉದಾಹರಣೆಗೆ ತಗೊಂಡಿರೋದು ಖಾಲಿ ಬಾಟಲಿ, ಡಬ್ಬಿಗಳನ್ನ ವಾಪಸ್ ತಗೊಂಡು ರಸೀದಿ ಕೊಡೋ ಯಂತ್ರ. ಗಿರಾಕಿ ಬಾಟಲಿ ಹಾಕ್ತಾನೆ, ಯಂತ್ರ ಲೆಕ್ಕ ಹಾಕುತ್ತೆ, ರಸೀದಿ ಬರುತ್ತೆ. ಆಪರೇಟರ್ ದಿನದ ಕೊನೆಗೆ ವರದಿ ತೆಗೀತಾನೆ. ಜೊತೆಗೆ ಇನ್ನೊಂದು ಪುಟ್ಟ ಪ್ರಸಂಗ: ಬಾಟಲಿ ಒಳಗೆ ಸಿಕ್ಕಿಹಾಕಿಕೊಂಡರೆ? ಅದನ್ನೂ ಅವನು ಬಿಡಲಿಲ್ಲ. ಆ ‘ಸಿಕ್ಕಿಹಾಕಿಕೊಂಡರೆ’ ಅನ್ನೋದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ. ಈ ಚರಿತ್ರೆಯ ಜೀವ ಇರೋದು ಅಲ್ಲೇ.

ಯಂತ್ರದ ಹೊರಗೆ ನಿಂತು ಅದನ್ನ ಬಳಸುವವರನ್ನ ಯಾಕೋಬ್ಸನ್ ಕರೆದದ್ದು ‘ಆಕ್ಟರ್’ ಅಂತ. ಕಡ್ಡಿ ಕೈಕಾಲಿನ ಆ ಬೊಂಬೆ ನೀವು ನೋಡಿರ್ತೀರಿ. ಆಕ್ಟರ್ ಅಂದರೆ ವ್ಯಕ್ತಿಯಲ್ಲ, ಪಾತ್ರ. ಹಗಲು ಕೃಷ್ಣನಾದವನು ನಾಳೆ ಕೀಚಕನಾಗಬಹುದು. ಬ್ಯಾಂಕಿನ ಕ್ಯಾಷಿಯರೇ ಸಂಜೆ ಎಟಿಎಂ ಮುಂದೆ ನಿಂತರೆ ಗಿರಾಕಿ. ಯಂತ್ರ ನೋಡೋದು ಪಾತ್ರವನ್ನ.

ಸ್ಟಾಕ್‌ಹೋಮಿನಲ್ಲಿ ಈ ಪದ ಹುಟ್ಟಿದ ಅದೇ 1986ರಲ್ಲಿ ನಮ್ಮ ಕರ್ನಾಟಕದಲ್ಲೂ ಟೆಲಿಫೋನಿನ ಒಂದು ಘಟನೆ ನಡೆಯಿತು. ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಕೆಲಸ ಶುರುಮಾಡಿತು. 128 ಲೈನುಗಳ ಪುಟ್ಟ ಯಂತ್ರ. ಸಿ-ಡಾಟ್ 1984ರಲ್ಲಿ ಸ್ಯಾಮ್ ಪಿತ್ರೋಡಾ ಮುಂದಾಳತ್ವದಲ್ಲಿ ಶುರುವಾದದ್ದು. 36 ಕೋಟಿ ರೂಪಾಯಿ, 36 ತಿಂಗಳು ಅನ್ನೋದು ಅದಕ್ಕೆ ಕೊಟ್ಟ ಗಡುವು. ದೆಹಲಿಯಲ್ಲಿ, ಬೆಂಗಳೂರಿನಲ್ಲಿ ಕೂತ ಎಳೆಯ ಎಂಜಿನಿಯರುಗಳು ಅದನ್ನ ಕಟ್ಟಿದರು.

ಯೂಸ್ ಕೇಸ್ ಅನ್ನೋ ಪದ ಆಗಿನ್ನೂ ಸ್ವೀಡನ್ ದಾಟಿರಲಿಲ್ಲ. ಆದರೆ ಯೂಸ್ ಕೇಸ್ ಕೇಳುವ ಪ್ರಶ್ನೆ ಇದೆಯಲ್ಲ, ‘ಯಾರು ಬಳಸ್ತಾರೆ, ಎಲ್ಲಿ, ಹೇಗೆ’ ಅನ್ನೋದು, ಅದನ್ನ ಇವರು ಕೇಳಿಕೊಂಡಿದ್ದರು. ಪಶ್ಚಿಮದ ಎಕ್ಸ್‌ಚೇಂಜುಗಳು ಮನೆಗೊಂದು ಫೋನ್ ಇರುವ ದೇಶಗಳಿಗಾಗಿ ಆದಂಥವು. ಒಂದು ಲೈನಿನಲ್ಲಿ ದಿನಕ್ಕೆ ನಾಲ್ಕಾರು ಕರೆ. ನಮ್ಮಲ್ಲಿ 1980ರ ಹೊತ್ತಿಗೆ ಇಡೀ ದೇಶಕ್ಕೆ 25 ಲಕ್ಷಕ್ಕಿಂತ ಕಡಿಮೆ ಫೋನು, ಅವೂ ಬಹುಪಾಲು ದೊಡ್ಡ ಪಟ್ಟಣಗಳಲ್ಲಿ. ಇರೋ ಒಂದು ಫೋನನ್ನ ಹತ್ತು ಮನೆಯವರು ಬಳಸಿದರೆ ಆ ಲೈನಿನ ಮೇಲೆ ಬೀಳೋ ಭಾರವೇ ಬೇರೆ. ಜೊತೆಗೆ ಸೆಕೆ, ಧೂಳು. ಹಳ್ಳಿಯಲ್ಲಿ ಯಂತ್ರಕ್ಕೆ ಎಸಿ ಎಲ್ಲಿಂದ ತರೋದು? ಹಾಗಾಗಿ ಎಸಿ ಇಲ್ಲದೆ ನಡೆಯೋ ಯಂತ್ರ ಬೇಕಿತ್ತು, ಅಂಥದ್ದನ್ನೇ ಕಟ್ಟಿದರು. ಬಳಸುವವನು ಬದಲಾದರೆ ಯಂತ್ರವೂ ಬದಲಾಗಬೇಕು ಅನ್ನೋದಕ್ಕೆ ಕಿತ್ತೂರಿಗಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ.

ಹತ್ತು ಮನೆಗೊಂದು ಫೋನ್ ಅಂದೆನಲ್ಲ, ಅದರ ಹೆಸರು ಪಿಪಿ ನಂಬರ್. ಮೂವತ್ತು ದಾಟಿದವರಿಗೆ ನೆನಪಿರುತ್ತೆ. ಅರ್ಜಿ, ಲಗ್ನಪತ್ರಿಕೆಗಳಲ್ಲೆಲ್ಲ ನಂಬರಿನ ಪಕ್ಕ ‘ಪಿಪಿ’ ಅಂತ ಬರೆಯುತ್ತಿದ್ದರು. ಅಂದರೆ ಫೋನ್ ನಮ್ಮದಲ್ಲ, ಕರೆದು ಕೊಡ್ತಾರೆ ಅಂತ. ನಮ್ಮೂರಲ್ಲಿ ಫೋನ್ ಇದ್ದದ್ದು ದಿನಸಿ ಅಂಗಡಿಯಲ್ಲಿ. ಅಂಗಡಿಯವರನ್ನ ಎಲ್ಲರೂ ಶೆಟ್ರು ಅಂತಿದ್ದೆವು. ದೊಡ್ಡಪ್ಪನ ಮಗ, ನಮ್ಮಣ್ಣ, ಬೆಂಗಳೂರಿನಲ್ಲಿ ಓದುತ್ತಿದ್ದಾಗ ದೊಡ್ಡಮ್ಮನ ಜೊತೆ ಮಾತಾಡುತ್ತಿದ್ದದ್ದು ಆ ಫೋನಿನಲ್ಲೇ. ಯೂಸ್ ಕೇಸ್ ಹೇಗಿರುತ್ತೆ ಅಂತ ತೋರಿಸೋಕೆ ಇದನ್ನೇ ಬರೀತೀನಿ.

ಹೆಸರು: ಪಿಪಿ ನಂಬರಿಗೆ ಫೋನ್ ಮಾಡಿ ದೊಡ್ಡಮ್ಮನ ಹತ್ತಿರ ಮಾತಾಡುವುದು.
ಮುಖ್ಯ ಪಾತ್ರ: ಅಣ್ಣ. ಉಳಿದವರು: ಬೂತಿನವರು, ಶೆಟ್ರು, ಅಂಗಡಿ ಹುಡುಗ, ದೊಡ್ಡಮ್ಮ.
ಯಾರಿಗೆ ಏನು ಬೇಕು: ಅಣ್ಣನಿಗೆ ಕಡಿಮೆ ದುಡ್ಡಿನಲ್ಲಿ ಅಮ್ಮನ ದನಿ ಕೇಳಬೇಕು. ದೊಡ್ಡಮ್ಮನಿಗೆ ಮಗ ಊಟ ಮಾಡಿದನೋ ಇಲ್ಲವೋ ತಿಳೀಬೇಕು. ಶೆಟ್ರಿಗೆ ಲೈನ್ ಜಾಸ್ತಿ ಹೊತ್ತು ಬ್ಯುಸಿ ಆಗಬಾರದು.
ಸರಿಯಾಗಿ ನಡೆದರೆ:
1. ಅಣ್ಣ ಎಸ್‌ಟಿಡಿ ಬೂತಿನಿಂದ ಅಂಗಡಿಗೆ ಫೋನ್ ಮಾಡುತ್ತಾನೆ.
2. ಶೆಟ್ರು ಎತ್ತಿ ಯಾರಿಗೆ ಅಂತ ಕೇಳುತ್ತಾರೆ.
3. ‘ಅರ್ಧ ಗಂಟೆ ಬಿಟ್ಟು ಮಾಡು ಮಾರಾಯ’ ಅಂತ ಹೇಳಿ ಇಡುತ್ತಾರೆ.
4. ಅಂಗಡಿ ಹುಡುಗನನ್ನ ಮನೆಗೆ ಓಡಿಸುತ್ತಾರೆ.
5. ದೊಡ್ಡಮ್ಮ ಬಂದು ಅಂಗಡಿಯ ಬೆಂಚಿನ ಮೇಲೆ ಕಾಯುತ್ತಾರೆ.
6. ಅಣ್ಣ ಮತ್ತೆ ಫೋನ್ ಮಾಡುತ್ತಾನೆ. ಮಾತಾಡುತ್ತಾರೆ.
ತಪ್ಪಿದರೆ:
1ಎ. ಮಳೆಗೆ ಮರ ಬಿದ್ದು ಲೈನ್ ಹೋಗಿದೆ. ಅಣ್ಣ ನಾಳೆ ನೋಡುತ್ತಾನೆ. ವಾರವಾದರೂ ಸಿಗದಿದ್ದರೆ ಕಾರ್ಡು ಬರೆಯುತ್ತಾನೆ.
4ಎ. ಹುಡುಗ ಇಲ್ಲ. ಆ ಕಡೆ ಹೋಗುವ ಶಾಲೆ ಮಕ್ಕಳ ಹತ್ತಿರ ಹೇಳಿ ಕಳಿಸುತ್ತಾರೆ.
5ಎ. ದೊಡ್ಡಮ್ಮ ತೋಟದಲ್ಲಿದ್ದಾರೆ. ಅಜ್ಜ ಬರುತ್ತಾರೆ. ಅಜ್ಜನಿಗೆ ಕಿವಿ ಕೇಳಿಸದು. ಮಧ್ಯೆ ಶೆಟ್ರೇ ಮಾತಾಡಿ ಮುಗಿಸುತ್ತಾರೆ.
6ಎ. ಅಂಗಡಿ ತುಂಬ ಜನ. ದುಡ್ಡಿನ ವಿಷಯ ಮಾತಾಡೋ ಹಾಗಿಲ್ಲ. ಅಣ್ಣ ಕೇಳುತ್ತಾನೆ, ದೊಡ್ಡಮ್ಮ ಹೂಂ, ಉಹುಂ ಅಷ್ಟೇ ಹೇಳುತ್ತಾರೆ.
ಯಾವ ಹಂತದಲ್ಲಾದರೂ: ಬಂದದ್ದು ಸಾವಿನ ಸುದ್ದಿ. ಶೆಟ್ರು ಹುಡುಗನನ್ನ ಕಳಿಸುವುದಿಲ್ಲ. ಅಂಗಡಿ ಬಾಗಿಲು ಎಳೆದು ತಾವೇ ಮನೆಗೆ ನಡೆದು ಹೋಗುತ್ತಾರೆ.

ಇಷ್ಟೇ ಯೂಸ್ ಕೇಸ್. ಇದನ್ನ ಓದೋಕೆ ಬಿಇ ಬೇಕಾಗಿಲ್ಲ, ದೊಡ್ಡಮ್ಮನೇ ಓದಿ ‘ಇದು ತಪ್ಪು, ಆವತ್ತು ಹೀಗಾಗಿತ್ತು’ ಅಂತ ತಿದ್ದಬಹುದು. ಅದೇ ಅದರ ಶಕ್ತಿ. ಇನ್ನೊಂದು ವಿಷಯ ಗಮನಿಸಿ. ಎಕ್ಸ್‌ಚೇಂಜಿನ ಲೆಕ್ಕದಲ್ಲಿ ಎರಡನೇ ಹೆಜ್ಜೆಗೇ ಕರೆ ಯಶಸ್ವಿ. ಶೆಟ್ರು ರಿಸೀವರ್ ಎತ್ತಿದರು, ಮೀಟರ್ ತಿರುಗಿತು, ಟ್ರಾಫಿಕ್ ಕೇಸ್ ಮುಗೀತು. ಅಣ್ಣನ ಲೆಕ್ಕದಲ್ಲಿ ಕೆಲಸ ಇನ್ನೂ ಶುರುವೇ ಆಗಿಲ್ಲ. ಯಂತ್ರದ ಯಶಸ್ಸು ಒಂದು, ಮನುಷ್ಯನ ಉದ್ದೇಶ ಇನ್ನೊಂದು.

ಈ ಉದ್ದೇಶ ಅನ್ನೋದನ್ನ ಯೂಸ್ ಕೇಸಿನ ನಡುಮನೆಗೆ ತಂದು ಕೂರಿಸಿದವನು ಆಲಿಸ್ಟರ್ ಕೋಬರ್ನ್. ಇವನೇ ನಾನು ಮೊದಲು ಹೇಳಿದ ಚಿಕ್ಕಪ್ಪ. ಹೆಸರನ್ನ ಬರೆಯೋದು ಕಾಕ್‌ಬರ್ನ್ ಅನ್ನೋ ಥರ, ಹೇಳೋದು ಕೋಬರ್ನ್. 90ರ ದಶಕದ ಶುರುವಿನಲ್ಲಿ ಐಬಿಎಂನ ಕನ್ಸಲ್ಟಿಂಗ್ ವಿಭಾಗದಲ್ಲಿದ್ದವನು. ಆಗ ಯೂಸ್ ಕೇಸ್ ಅಂದರೇನು ಅಂತ ಹತ್ತು ಜನರನ್ನ ಕೇಳಿದರೆ ಹತ್ತು ಉತ್ತರ ಬರೋ ಪರಿಸ್ಥಿತಿ. ತಾನು 18ಕ್ಕೂ ಹೆಚ್ಚು ವ್ಯಾಖ್ಯೆಗಳನ್ನ ಕಂಡಿದ್ದೇನೆ ಅಂತ ಅವನೇ ಬರೆದಿದ್ದಾನೆ. ಈ ಗೊಂದಲದಲ್ಲಿ ಅವನು ಹಿಡಿದ ಎಳೆ ಒಂದೇ: ಬಳಸುವವನಿಗೆ ಏನಾಗಬೇಕಿದೆ? ಅದನ್ನ ಮೇಲೆ ಬರೀರಿ. ಎಲ್ಲ ಸರಿಯಾದರೆ ಹೇಗೆ ಆಗುತ್ತೆ ಅಂತ ಆಮೇಲೆ ಬರೀರಿ. ಪ್ರತಿ ಹೆಜ್ಜೆಯಲ್ಲೂ ಏನು ತಪ್ಪಬಹುದು ಅಂತ ಅದರ ಕೆಳಗೆ ಬರೀರಿ. ಮೇಲೆ ನಾನು ಬಳಸಿದ ‘4ಎ’, ‘5ಎ’ ಅನ್ನೋ ಗುರುತು ಅವನು ಜನಪ್ರಿಯ ಮಾಡಿದ ಕ್ರಮ. 2000ದ ಕೊನೆಗೆ ಬಂದ ಅವನ ಪುಸ್ತಕ ಇವತ್ತಿಗೂ ಈ ವಿಷಯಕ್ಕೆ ಕೈಪಿಡಿ ಇದ್ದ ಹಾಗೆ.

ಉದ್ದೇಶಗಳ ಎತ್ತರ ಅಳೆಯೋಕೆ ಅವನು ಸಮುದ್ರವನ್ನ ತಂದ. ಒಬ್ಬ ಮನುಷ್ಯ ಒಂದೇ ಸಲಕ್ಕೆ ಕೂತು ಮುಗಿಸಿ, ‘ಆಯ್ತಪ್ಪ’ ಅಂತ ಎದ್ದು ಹೋಗಬಹುದಾದ ಕೆಲಸ ಸಮುದ್ರಮಟ್ಟ. ಬಸ್ ಟಿಕೆಟ್ ಬುಕ್ ಮಾಡೋದು ಹಾಗೆ. ಅದಕ್ಕಿಂತ ಮೇಲಿನ ದೊಡ್ಡ ಉದ್ದೇಶಗಳು, ಅಂದರೆ ‘ಹಬ್ಬಕ್ಕೆ ಊರಿಗೆ ಹೋಗಿ ಬರೋದು’ ಥರದ್ದು, ಗಾಳಿಪಟ, ಮೋಡ. ಕೆಳಗಿನ ಸಣ್ಣ ಕೆಲಸಗಳು, ಲಾಗಿನ್ ಆಗೋದು, ಓಟಿಪಿ ಹಾಕೋದು, ಇವೆಲ್ಲ ನೀರೊಳಗಿನ ಮೀನು. ಅದಕ್ಕೂ ಕೆಳಗೆ ತಳದಲ್ಲಿ ಕೂತ ಚಿಪ್ಪು, ಅದನ್ನ ಬರೆಯೋದೇ ಬೇಡ. ಓಟಿಪಿ ಹಾಕೋಕೆ ಅಂತ ಯಾರೂ ಬೆಳಿಗ್ಗೆ ಏಳೋದಿಲ್ಲ. ಆದರೆ ಎಷ್ಟೋ ಡಾಕ್ಯುಮೆಂಟುಗಳಲ್ಲಿ ಮೊದಲ ಯೂಸ್ ಕೇಸೇ ‘ಲಾಗಿನ್’!

ಇಷ್ಟರಲ್ಲಿ ಇನ್ನೊಂದು ಬೆಳವಣಿಗೆ ಆಯ್ತು. 1995ರಲ್ಲಿ ರ‍್ಯಾಷನಲ್ ಅನ್ನೋ ಅಮೆರಿಕನ್ ಕಂಪನಿ ಯಾಕೋಬ್ಸನ್‌ನ ಆಬ್ಜೆಕ್ಟರಿಯನ್ನ ಕೊಂಡುಕೊಂಡಿತು. ಅಲ್ಲಿ ಮೊದಲೇ ಗ್ರೇಡಿ ಬೂಚ್, ಜಿಮ್ ರಂಬೋ ಇದ್ದರು. ಮೂವರೂ ಸೇರಿ ತಮ್ಮ ತಮ್ಮ ಚಿತ್ರಭಾಷೆಗಳನ್ನ ಒಂದು ಮಾಡಿದರು. ಅದೇ ಯುಎಂಎಲ್. 1997ರ ನವೆಂಬರಿನಲ್ಲಿ ಅದಕ್ಕೆ ಮಾನ್ಯತೆ ಸಿಕ್ಕಿತು. ನಾವೆಲ್ಲ ಬಿಇಯಲ್ಲಿ ಓದಿ ಪರೀಕ್ಷೆಯಲ್ಲಿ ಬರೆದದ್ದು ಇದನ್ನೇ. ಒಂದು ಚೌಕ, ಒಳಗೆ ನಾಲ್ಕು ಮೊಟ್ಟೆ, ಹೊರಗೆ ಎರಡು ಕಡ್ಡಿ ಬೊಂಬೆ. ಹತ್ತಕ್ಕೆ ಎಂಟು ಮಾರ್ಕ್ಸು.

ಯುಎಂಎಲ್‌ನಿಂದ ಯೂಸ್ ಕೇಸಿಗೆ ಪ್ರಚಾರ ಸಿಕ್ಕಿದ್ದು ನಿಜ. ಜೊತೆಗೆ ಒಂದು ನಷ್ಟವೂ ಆಯ್ತು. ಚಿತ್ರವೇ ಯೂಸ್ ಕೇಸ್ ಅಂತ ಜನ ತಿಳಿದರು. ಮೊಟ್ಟೆಯೊಳಗೆ ‘ಹಣ ತೆಗೆಯುವುದು’ ಅಂತ ಬರೆದರೆ ಹೇಳಿದ್ದೇನು? ಹಣ ಬಾರದಿದ್ದರೆ ಏನಾಗುತ್ತೆ ಅನ್ನೋದು ಮೊಟ್ಟೆಯಲ್ಲಿ ಇಲ್ಲ. ಅದು ಇರಬೇಕಾದದ್ದು ಬರವಣಿಗೆಯಲ್ಲಿ. ಚಿತ್ರ ಪುಸ್ತಕದ ಪರಿವಿಡಿ ಇದ್ದ ಹಾಗೆ, ಪರಿವಿಡಿ ಓದಿ ಕಾದಂಬರಿ ಓದಿದೆ ಅಂದರೆ ಹೇಗೆ?

ಈ ಅಲೆ ಬೆಂಗಳೂರಿಗೆ ಬಂದು ಅಪ್ಪಳಿಸಿದ್ದು ಔಟ್‌ಸೋರ್ಸಿಂಗ್ ಕಾಲದಲ್ಲಿ. ಕೆಲಸ ಹೇಳೋರು ಅಮೆರಿಕದಲ್ಲಿ, ಮಾಡೋರು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಮಧ್ಯೆ ಹತ್ತು ಹನ್ನೆರಡು ಗಂಟೆಯ ಅಂತರ. ರ‍್ಯಾಷನಲ್‌ನ ದೊಡ್ಡ ವಿಧಾನ ಆರ್‌ಯುಪಿ ಆಗ ಎಲ್ಲೆಡೆ ಇತ್ತು. 2003ರಲ್ಲಿ ಐಬಿಎಂ ಸುಮಾರು 210 ಕೋಟಿ ಡಾಲರಿಗೆ ರ‍್ಯಾಷನಲನ್ನೇ ಕೊಂಡ ಮೇಲಂತೂ ಕೇಳೋದೇ ಬೇಡ. ಯೂಸ್ ಕೇಸ್ ಡಾಕ್ಯುಮೆಂಟ್ ಅನ್ನೋದು ತಿಳಿವಳಿಕೆಯ ಕಾಗದ ಹೋಗಿ ಕರಾರುಪತ್ರ ಆಯ್ತು. ಸಹಿ ಬಿದ್ದ ಮೇಲೆ ಬದಲಾವಣೆ ಅಂದರೆ ಎಕ್ಸ್‌ಟ್ರಾ ದುಡ್ಡು.

ನಾನು ಕೆಲಸಕ್ಕೆ ಸೇರಿದಾಗ ಈ ಕಾಲದ ಬಾಲ ಇನ್ನೂ ಇತ್ತು. ಮೊದಲ ಪ್ರಾಜೆಕ್ಟಿನಲ್ಲಿ ಕೈಗೆ ಬಂದದ್ದು ನೂರು ಪುಟ ದಾಟಿದ ಒಂದು ಯೂಸ್ ಕೇಸ್ ಡಾಕ್ಯುಮೆಂಟ್. ಟೆಂಪ್ಲೇಟಿನ ಎಲ್ಲ ಚೌಕಗಳೂ ತುಂಬಿದ್ದವು. ಪೂರ್ವಸ್ಥಿತಿ, ಉತ್ತರಸ್ಥಿತಿ, ವರ್ಷನ್ ಹಿಸ್ಟರಿ, ಒಪ್ಪಿಗೆ ಕೊಟ್ಟವರ ಹೆಸರು. ಆದರೆ ಪ್ರತಿ ಯೂಸ್ ಕೇಸಿನ ಕೊನೆಗೆ, ತಪ್ಪಿದರೆ ಏನು ಅನ್ನೋ ಜಾಗದಲ್ಲಿ, ಒಂದೇ ಸಾಲು: ‘ಸಿಸ್ಟಮ್ ಸೂಕ್ತ ಎರರ್ ಮೆಸೇಜ್ ತೋರಿಸತಕ್ಕದ್ದು.’ ಆ ‘ಸೂಕ್ತ’ ಅನ್ನೋ ಪದಕ್ಕಿಂತ ಸೋಮಾರಿ ಪದ ಇನ್ನೊಂದಿಲ್ಲ. ನಮ್ಮ ಟೀಮಿನಲ್ಲೊಬ್ಬರು ಹಿರಿಯ ಟೆಸ್ಟರ್ ಮೇಡಂ ಇದ್ದರು. ಅವರು ಎಲ್ಲ ಬಿಟ್ಟು ಮೊದಲು ಆ ಸಾಲನ್ನೇ ಹುಡುಕೋರು. ಪೆನ್ಸಿಲಿನಿಂದ ಗುಂಡು ಹಾಕಿ ಪಕ್ಕದಲ್ಲಿ ಬರೆಯೋರು: ‘ತೋರಿಸಿದ ಮೇಲೆ? ಅವರು ಮನೆಗೆ ಹೋಗಬೇಕಾ?’ ಯೂಸ್ ಕೇಸ್ ಬರೆಯೋ ಬಗ್ಗೆ ನಾನು ಕಲಿತ ಮೊದಲ ಪಾಠ ಆ ಪೆನ್ಸಿಲಿನ ಸಾಲು.

ನೂರು ಪುಟದ ಕಾಗದಗಳಿಂದ ಜಗತ್ತೂ ಬೇಸತ್ತಿತ್ತು. ಅಮೆರಿಕದ ಕ್ರೈಸ್ಲರ್ ಕಾರ್ ಕಂಪನಿಯ ಸಂಬಳದ ಸಾಫ್ಟ್‌ವೇರ್ ಕಟ್ಟುವಾಗ, 1996ರ ಸುಮಾರಿಗೆ, ಕೆಂಟ್ ಬೆಕ್ ಬೇರೆ ದಾರಿ ಹಿಡಿದ. ಬೇಕಾದ್ದನ್ನ ಒಂದು ಪುಟ್ಟ ಕಾರ್ಡಿನಲ್ಲಿ ಒಂದೆರಡು ಸಾಲು ಬರೆದಿಡಿ, ಉಳಿದದ್ದನ್ನ ಎದುರುಬದುರು ಕೂತು ಮಾತಾಡಿ. ಅದೇ ಯೂಸರ್ ಸ್ಟೋರಿ. 2001ರ ಫೆಬ್ರವರಿಯಲ್ಲಿ ಯೂಟಾ ರಾಜ್ಯದ ಸ್ನೋಬರ್ಡ್ ಅನ್ನೋ ಹಿಮದ ಊರಿನಲ್ಲಿ 17 ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಬೆಕ್ ಅಲ್ಲಿದ್ದ. ತಮಾಷೆ ಅಂದರೆ, ಯೂಸ್ ಕೇಸಿನ ಚಿಕ್ಕಪ್ಪ ಕೋಬರ್ನ್ ಕೂಡ ಅಲ್ಲಿದ್ದ. ಅದೇ ವರ್ಷ ಲಂಡನ್ನಿನ ಕನೆಕ್ಸ್‌ಟ್ರಾ ಕಂಪನಿಯವರು ‘ಇಂಥವನಾಗಿ ನನಗೆ ಇಂಥದ್ದು ಬೇಕು, ಯಾಕಂದರೆ ಇಂಥ ಕಾರಣಕ್ಕೆ’ ಅನ್ನೋ ಅಚ್ಚು ಕೊಟ್ಟರು. ಇವತ್ತು ನಾವು ಜಿರಾದಲ್ಲಿ ದಿನಾ ತುಂಬೋದು ಅದನ್ನೇ. ಸ್ಟೋರಿಗೆ ಮೂರು ಅಂಗ ಅಂತ ರಾನ್ ಜೆಫ್ರೀಸ್ ಹೇಳಿದ್ದ: ಕಾರ್ಡು, ಮಾತುಕತೆ, ಖಾತ್ರಿ.

ಯಕ್ಷಗಾನದ ಭಾಷೆಯಲ್ಲಿ ಹೇಳೋದಾದರೆ, ಕಾರ್ಡು ಪದ್ಯ, ಮಾತುಕತೆ ಅರ್ಥಗಾರಿಕೆ. ಪ್ರಸಂಗದ ಪುಸ್ತಕದಲ್ಲಿ ಪದ್ಯ ಮಾತ್ರ ಇರುತ್ತೆ, ಮಾತು ಕಲಾವಿದರು ಅಲ್ಲೇ ಕಟ್ಟೋದು. ಎದುರಿನ ಪಾತ್ರಧಾರಿ ಗಟ್ಟಿಗನಾದರೆ ಪದ್ಯಕ್ಕೆ ಜೀವ ಬರುತ್ತೆ. ಆದರೆ ಇಬ್ಬರೂ ಒಂದೇ ರಂಗಸ್ಥಳದಲ್ಲಿ ಇರಬೇಕಲ್ಲ? ಒಬ್ಬರು ಟೆಕ್ಸಾಸಿನಲ್ಲಿ, ಇನ್ನೊಬ್ಬರು ಮಾರತಹಳ್ಳಿಯಲ್ಲಿ ಇದ್ದಾಗ, ಮೂರನೆಯವರು ಕ್ಯಾಮೆರಾ ಆಫ್ ಮಾಡಿ ಕೂತಾಗ ಮಾತುಕತೆ ಬಿದ್ದು ಹೋಗುತ್ತೆ, ಕಾರ್ಡು ಮಾತ್ರ ಉಳಿಯುತ್ತೆ. ನೂರು ಪುಟದಲ್ಲಿ ‘ಸೂಕ್ತ ಎರರ್ ಮೆಸೇಜ್’ ಅನ್ನೋ ಒಂದು ಸಾಲಾದರೂ ಇತ್ತು. ಕಾರ್ಡಿನಲ್ಲಿ ಅದಕ್ಕೂ ಜಾಗ ಇಲ್ಲ.

ಯಾಕೋಬ್ಸನ್ ಇದನ್ನ ನೋಡಿ ಸುಮ್ಮನಿರಲಿಲ್ಲ. 2011ರಲ್ಲಿ ಯೂಸ್ ಕೇಸ್ 2.0 ತಂದ. ಇಡೀ ಪ್ರಸಂಗವನ್ನ ಒಂದೇ ಸಲ ಬರೆಯಬೇಕಿಲ್ಲ, ಹಲಸಿನ ಹಣ್ಣಿನ ಹಾಗೆ ತೊಳೆ ತೊಳೆಯಾಗಿ ಬಿಡಿಸಿಕೊಂಡು ಒಂದೊಂದನ್ನೇ ಕಟ್ಟಿ ಮುಗಿಸಿ ಅನ್ನೋದು ಅದರ ಸಾರ. ಕೊನೆಗೆ 2023ರಲ್ಲಿ ಯಾಕೋಬ್ಸನ್, ಕೋಬರ್ನ್ ಇಬ್ಬರೂ ಸೇರಿ ಯೂಸ್ ಕೇಸ್ ಈಗಲೂ ಯಾಕೆ ಬೇಕು ಅಂತ ಒಂದು ಲೇಖನ ಬರೆದರು. ಬೇರೆ ಬೇರೆ ಥರ ಬರೆಯೋದು ಕಲಿಸುತ್ತಿದ್ದ ಅಪ್ಪ, ಚಿಕ್ಕಪ್ಪ ಒಂದೇ ಜಗಲಿ ಮೇಲೆ ಕೂತ ಹಾಗಾಯ್ತು.

ಇದೆಲ್ಲ ಐಟಿಯವರ ಮನೆ ಜಗಳ, ನಮಗೇನು ಅಂತ ನೀವು ಕೇಳಬಹುದು. ಎರಡು ಉದಾಹರಣೆ ಹೇಳ್ತೀನಿ. ಮೊದಲನೆಯದು ಒಳ್ಳೆಯದು. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನ ಕಂಪ್ಯೂಟರಿಗೆ ಹಾಕಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಅಲ್ಲಿ ಕೀಬೋರ್ಡ್ ಒತ್ತುವವನು ಗುಮಾಸ್ತ, ಆದರೆ ಕೆಲಸ ಆಗಬೇಕಾದದ್ದು ರೈತನಿಗೆ. ಆ ಕಿಟಕಿಯಲ್ಲಿ ರೈತನ ಕಡೆಗೆ ಮುಖಮಾಡಿದ ಎರಡನೇ ಸ್ಕ್ರೀನ್ ಇಟ್ಟಿದ್ದರು. ಗುಮಾಸ್ತ ಏನು ಮಾಡ್ತಿದ್ದಾನೆ ಅಂತ ರೈತನಿಗೂ ಕಾಣಲಿ ಅಂತ. ಮುಖ್ಯ ಪಾತ್ರ ಯಾರು ಅಂತ ಯಾರೋ ಸರಿಯಾಗಿ ಕೇಳಿಕೊಂಡಿದ್ದಕ್ಕೆ ಆ ಸ್ಕ್ರೀನ್ ಸಾಕ್ಷಿ.

ಎರಡನೆಯದು ರೇಷನ್ ಅಂಗಡಿ. ಸರಿಯಾಗಿ ನಡೆದರೆ ನಾಲ್ಕೇ ಹೆಜ್ಜೆ. ಕಾರ್ಡು ಕೊಡೋದು, ಬೆರಳು ಇಡೋದು, ಯಂತ್ರ ಒಪ್ಪೋದು, ಅಕ್ಕಿ ತಗೊಳ್ಳೋದು. ಮೂರನೇ ಹೆಜ್ಜೆಯಲ್ಲಿ ಯಂತ್ರ ಒಪ್ಪದಿದ್ದರೆ? ನಲವತ್ತು ವರ್ಷ ಅಡಿಕೆ ಸುಲಿದ, ಪಾತ್ರೆ ತಿಕ್ಕಿದ, ಕಲ್ಲು ಹೊತ್ತ ಕೈಗಳಲ್ಲಿ ಗೆರೆಗಳೇ ಸವೆದಿರುತ್ತವೆ. ನಮ್ಮ ಕೇರಿಯ ಅಜ್ಜಿಯೊಬ್ಬರು ಬೆರಳಿಗೆ ಎಣ್ಣೆ ಸವರಿಕೊಂಡು, ಸೆರಗಿನಲ್ಲಿ ಒರೆಸಿಕೊಂಡು, ಮತ್ತೆ ಮತ್ತೆ ಇಡೋದನ್ನ ನಾನೇ ನೋಡಿದ್ದೇನೆ. ಬೇರೆ ಬೆರಳಿನಲ್ಲಿ ನೋಡಬಹುದಾ, ಮೊಬೈಲಿಗೆ ಓಟಿಪಿ ಕಳಿಸಬಹುದಾ, ಮೊಬೈಲೇ ಇಲ್ಲದಿದ್ದರೆ ಪುಸ್ತಕದಲ್ಲಿ ಬರೆದುಕೊಂಡು ಕೊಡಬಹುದಾ, ನೆಟ್‌ವರ್ಕ್ ಇಲ್ಲದ ದಿನ ಏನು? ಇವೆಲ್ಲ ಎಲ್ಲೋ ಒಂದು ಕಾಗದದಲ್ಲಿ 3ಎ, 3ಬಿ, 3ಸಿ ಅಂತ ಇರಬೇಕಾದ ಸಾಲುಗಳು. ಸಾಲು ಬರೆದಿದ್ದರೆ, ಅಂಗಡಿಯವರ ಕೈಯಲ್ಲಿ ಒಂದು ದಾರಿ ಇರುತ್ತೆ. ಬರೆದಿಲ್ಲದಿದ್ದರೆ ಅವರು ಹೇಳೋದು ಒಂದೇ ಮಾತು: ‘ನಂದೇನಿಲ್ಲ ಅಜ್ಜಿ, ಮಿಷನ್ನು ತಗೊಳ್ತಿಲ್ಲ, ನಾಳೆ ಬನ್ನಿ.’ ‘ಸೂಕ್ತ ಎರರ್ ಮೆಸೇಜ್’ ಕನ್ನಡದಲ್ಲಿ ಹೀಗಿರುತ್ತೆ.

ನಮ್ಮಂಥ ಪೇಟೆಯವರಿಗೂ ಇದು ಗೊತ್ತಿಲ್ಲದ್ದೇನಲ್ಲ. ಯುಪಿಐನಲ್ಲಿ ದುಡ್ಡು ಕಟ್ ಆಗಿ, ಎದುರಿನ ತರಕಾರಿಯವರಿಗೆ ಬಂದಿಲ್ಲ ಅಂದಾಗ ನಿಲ್ಲುತ್ತೇವಲ್ಲ, ಮೊಬೈಲ್ ಹಿಡಿದುಕೊಂಡು, ಹಿಂದೆ ಸಾಲು ಬೆಳೆಯುತ್ತಿರುವಾಗ, ಆ ಎರಡು ನಿಮಿಷ ನಾವೂ 3ಎ ಒಳಗೆ ಇರುತ್ತೇವೆ. ವ್ಯತ್ಯಾಸ ಇಷ್ಟೇ, ನಮಗೆ ಕಿಸೆಯಲ್ಲಿ ಇನ್ನೊಂದು ಕಾರ್ಡು ಇರುತ್ತೆ.

ಈಗ ಕೋಡನ್ನೇ ಎಐ ಬರೆಯುತ್ತೆ. ಏನು ಬೇಕು ಅಂತ ನಾವು ಮಾತಿನಲ್ಲಿ ಹೇಳಿದರೆ ಸಾಕು. ಅಂದರೆ ತಿರುಗಿ ಬರವಣಿಗೆಯ ಕಾಲ ಬಂದಿದೆ. ಎಲ್ಲ ಸರಿಯಾದರೆ ಏನಾಗಬೇಕು ಅನ್ನೋದನ್ನ ಎಐ ನಮಗಿಂತ ಚೆನ್ನಾಗಿ ಊಹಿಸುತ್ತೆ, ಯಾಕಂದರೆ ಅದು ಎಲ್ಲ ಕಡೆ ಒಂದೇ. ತಪ್ಪಿದರೆ ಏನು ಅನ್ನೋದು ಊರಿಂದ ಊರಿಗೆ ಬೇರೆ. ಲೈನಿನ ಮೇಲೆ ಮರ ಬೀಳೋದು, ಅಜ್ಜನಿಗೆ ಕಿವಿ ಕೇಳಿಸದಿರೋದು, ಬೆರಳು ಸವೆದಿರೋದು, ಇವನ್ನ ಅಲ್ಲಿ ಬದುಕಿದವರು ಹೇಳಬೇಕು, ಬರೆಯೋರು ಹೋಗಿ ಕೇಳಬೇಕು. ಹಳ್ಳಿಯಿಂದ ಬಂದು ಇಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿರೋ ನಮ್ಮಂಥ ಸಾವಿರಾರು ಜನರಿಗೆ ಈ ವಿಷಯದಲ್ಲಿ ಬೇರೆ ಯಾರಿಗೂ ಇಲ್ಲದ ಅನುಕೂಲ ಇದೆ. ನಮಗೆ 3ಎ ಗೊತ್ತು. ಮುಂದಿನ ಸಲ ಮೀಟಿಂಗಿನಲ್ಲಿ ಯಾರಾದರೂ ‘ಯೂಸ್ ಕೇಸ್ ಏನು?’ ಅಂದರೆ, ಉತ್ತರ ಕೊಟ್ಟ ಮೇಲೆ ಇನ್ನೊಂದು ಪ್ರಶ್ನೆ ಸೇರಿಸಿ: ‘ಮೂರನೇ ಹೆಜ್ಜೆ ತಪ್ಪಿದರೆ?’ ಐದು ನಿಮಿಷ ಮೀಟಿಂಗ್ ಉದ್ದವಾಗುತ್ತೆ, ಅಷ್ಟೇ.